ವೇದಿಕೆಯ ಲಿಂಕನ್, ಅಂಬೇಡ್ಕರರ ಲಿಂಕನ್

ಆವರಗೆರೆ ಈಗ ದಾವಣಗೆರೆಯೊಳಗೇ ಸೇರಿಹೋದ ಊರು. ಹಳೇ ಪಿ.ಬಿ. ರಸ್ತೆಯ ಗುಂಟ ನಗರ ಬೆಳೆಯುತ್ತಾ ಬಂದು ನಮ್ಮನ್ನು ನುಂಗಿಕೊಂಡಿತು. ಇಲ್ಲಿ ಏಪ್ರಿಲ್ ಬಂತೆಂದರೆ ಅಂಬೇಡ್ಕರ್ ಜಯಂತಿಗೆ ವೇದಿಕೆ ಹಾಕುತ್ತೇವೆ. ಕೆಲವು ವರ್ಷಗಳ ಹಿಂದಿನ ಒಂದು ಜಯಂತಿಗೆ ನಾಯಕರೊಬ್ಬರು ಮುಖ್ಯ ಅತಿಥಿಯಾಗಿ ಬಂದಿದ್ದರು. ನಿರೂಪಣೆ ನನ್ನ ಪಾಲಿಗೆ ಬಿದ್ದಿತ್ತು. ಹಾರ ತುರಾಯಿ ಮುಗಿದ ಮೇಲೆ ಅವರು ಮಾತು ಶುರು ಮಾಡಿದ್ದು ಅಬ್ರಹಾಂ ಲಿಂಕನ್ನಿಂದ. ಲಿಂಕನ್ ಬಡವನ ಮಗ, ಬೀದಿ ದೀಪದ ಕೆಳಗೆ ಓದಿದವ (ಬೀದಿ ದೀಪ ವಿಶ್ವೇಶ್ವರಯ್ಯನವರದು ಅಂತ ನಾನು ಕೇಳಿದ್ದೆ, ಇರಲಿ), ಚುನಾವಣೆಗಳನ್ನು ಸೋತೂ ಸೋತೂ ಕೊನೆಗೆ ಅಧ್ಯಕ್ಷನಾದವ, ಪ್ರಜಾಪ್ರಭುತ್ವ ಎಂದರೆ ಜನರದ್ದು, ಜನರಿಂದ, ಜನರಿಗಾಗಿ ಎಂದು ಜಗತ್ತಿಗೇ ಹೇಳಿಕೊಟ್ಟವ. ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ನಾನೂ ಇದ್ದೆ.

ರಾತ್ರಿ ಮನೆಗೆ ನಡೆದು ಬರುವಾಗ ಅಜ್ಜ ಕೇಳಿದ: “ಆ ಲಿಂಕನ್ನು ಅಂದ್ರೆ ಯಾರೋ?”

“ಅಮೆರಿಕಾದಾಗ ಜೀತ ಬಿಡಿಸಿದೋನು ಅಜ್ಜ” ಅಂದೆ. ತರಗತಿಯಲ್ಲಿ ನಾನು ಯಾವತ್ತೂ ‘ಗುಲಾಮಗಿರಿ’ ಅಂತಲೇ ಹೇಳುವವನು. ಅಜ್ಜನಿಗೆ ಹೇಳುವಾಗ ಬಾಯಿಗೆ ಬಂದದ್ದು ‘ಜೀತ’. ಅಜ್ಜ ಹುಡುಗನಾಗಿದ್ದಾಗ ತನ್ನಪ್ಪನ ಸಾಲಕ್ಕೆ ಜಮೀನ್ದಾರರೊಬ್ಬರ ಮನೆಯಲ್ಲಿ ಆರು ವರ್ಷ ದನ ಕಾಯ್ದವನು; ಅಲ್ಲಿಂದ ತಪ್ಪಿಸಿಕೊಂಡು ಬಂದು ದಾವಣಗೆರೆಯ ಮಿಲ್ಲು ಸೇರಿದವನು. ನಡೆಯುತ್ತಿದ್ದವನು ನಿಂತುಬಿಟ್ಟ. “ಮತ್ತೆ ಅದೊಂದ್ ಬಿಟ್ಟು ಉಳಿದಿದ್ದೆಲ್ಲಾ ಹೇಳಿದ್ನಲ್ಲೋ ಸಾಹುಕಾರ!”

ಅಜ್ಜನ ಆ ಮಾತನ್ನು ಚರಿತ್ರೆಯೊಳಗೆ ಹಿಂಬಾಲಿಸುವ ಪ್ರಯತ್ನ ಈ ಲೇಖನ. ನಮ್ಮ ನಾಯಕರು ತಮ್ಮ ಭಾಷಣಗಳಲ್ಲಿ ಪರದೇಶದ ಮುತ್ಸದ್ದಿಗಳನ್ನು ಕರೆತರುವಾಗ ಅವರ ಜೊತೆ ಏನೇನು ಬರುತ್ತದೆ, ಏನೇನು ಬಾಗಿಲ ಹೊರಗೇ ಉಳಿಯುತ್ತದೆ ಎಂಬುದನ್ನು ದಲಿತ ವಿಮರ್ಶೆ ಕೇಳಲೇಬೇಕಾಗಿದೆ. ಪುಸ್ತಕಗಳನ್ನು ಓದುವಷ್ಟೇ ಜಾಗರೂಕತೆಯಿಂದ ವೇದಿಕೆಗಳನ್ನೂ ಓದಬೇಕು. ನಮ್ಮ ಜನರ ಬಹುಪಾಲು ರಾಜಕೀಯ ಶಿಕ್ಷಣ ಆಗಿರುವುದು ವೇದಿಕೆಯ ಮುಂದೆಯೇ.

ಲಿಂಕನ್ ಆ ಮಾತು ಹೇಳಿದ್ದು 1863ರ ನವೆಂಬರ್ 19ರಂದು, ಗೆಟಿಸ್‌ಬರ್ಗ್ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನವನ್ನು ಸಮರ್ಪಿಸುವ ಸಭೆಯಲ್ಲಿ. ಸುಮಾರು 270 ಪದಗಳ ಪುಟ್ಟ ಭಾಷಣ. ಯುದ್ಧದ ಬೇರು ಇದ್ದದ್ದು ಗುಲಾಮಗಿರಿಯಲ್ಲಿ. ಆದರೆ ಭಾಷಣದಲ್ಲಿ ಗುಲಾಮ ಎಂಬ ಪದವೇ ಇಲ್ಲ. ಎಲ್ಲ ಮನುಷ್ಯರೂ ಸಮಾನರು ಎಂಬ ತತ್ವದ ನೆನಪಿದೆ, ಸ್ವಾತಂತ್ರ್ಯ ಹೊಸದಾಗಿ ಹುಟ್ಟಬೇಕು ಎಂಬ ಆಸೆ ಇದೆ. ಅವತ್ತು ಕೇಳಿಸಿಕೊಂಡವರಿಗೆ ಅಷ್ಟು ಸಾಕಿತ್ತು. ನಮ್ಮ ವೇದಿಕೆಗೆ ಬರುವಷ್ಟರಲ್ಲಿ ಅವೆರಡೂ ಉದುರಿ ಕೊನೆಯ ವಾಕ್ಯದ ಬಾಲವೊಂದೇ ಉಳಿಯಿತು. ಪರೀಕ್ಷೆಯಲ್ಲಿ ಅದು ಒಂದು ಅಂಕದ ಪ್ರಶ್ನೆ. ‘ಯಾವ ಜನ?’ ಎಂಬ ಪ್ರಶ್ನೆಗೆ ಅಂಕವಿಲ್ಲ.

ಇದಕ್ಕಿಂತ ಸೋಜಿಗದ್ದು ಇನ್ನೊಂದಿದೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಲ್ಲಿ ಕಣ್ಣು ತುಂಬಿಕೊಂಡು ಓದುವ ‘ಲಿಂಕನ್ ತನ್ನ ಮಗನ ಶಿಕ್ಷಕನಿಗೆ ಬರೆದ ಪತ್ರ’. ಎಷ್ಟೋ ಶಾಲೆಗಳಲ್ಲಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಲಿಂಕನ್ನನ ಬರಹಗಳ ಸಂಗ್ರಹದಲ್ಲಿ ಅಂಥ ಪತ್ರವೇ ಇಲ್ಲ. ಯಾರೋ ಕಟ್ಟಿದ ಪತ್ರ ಗೋಡೆಯ ಮೇಲಿದೆ, ಅವನೇ ಬರೆದ ಪತ್ರಗಳನ್ನು ಕೇಳುವವರಿಲ್ಲ. ಅಂಥದ್ದೊಂದು 1862ರ ಆಗಸ್ಟ್ 22ರಂದು ‘ನ್ಯೂಯಾರ್ಕ್ ಟ್ರಿಬ್ಯೂನ್’ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದದ್ದು. ತನ್ನ ಮುಖ್ಯ ಗುರಿ ಒಕ್ಕೂಟವನ್ನು ಉಳಿಸುವುದು. ಒಬ್ಬ ಗುಲಾಮನನ್ನೂ ಬಿಡಿಸದೆ ಅದು ಆಗುವುದಾದರೆ ಹಾಗೆ, ಎಲ್ಲರನ್ನೂ ಬಿಡಿಸಿ ಆಗುವುದಾದರೆ ಹಾಗೆ, ಕೆಲವರನ್ನು ಬಿಡಿಸಿ ಕೆಲವರನ್ನು ಬಿಟ್ಟು ಆಗುವುದಾದರೆ ಹಾಗೆ ಮಾಡುತ್ತೇನೆ ಎಂಬುದು ಅದರ ಸಾರ.

ಈ ಪತ್ರವನ್ನು ಓದಿದ ಒಬ್ಬರು ನಮ್ಮಲ್ಲಿದ್ದರು. 1945ರಲ್ಲಿ ಪ್ರಕಟವಾದ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ತಮ್ಮ ದೊಡ್ಡ ಕೃತಿಯಲ್ಲಿ ಅಂಬೇಡ್ಕರ್ ಇದನ್ನು ಕೈಗೆತ್ತಿಕೊಂಡರು. ಕರಿಯರ ಪ್ರಶ್ನೆ ಮತ್ತು ಒಕ್ಕೂಟದ ಪ್ರಶ್ನೆಯ ಬಗ್ಗೆ ಲಿಂಕನ್ನನ ಧೋರಣೆ ಹೇಗಿತ್ತೋ, ಅಸ್ಪೃಶ್ಯರ ಪ್ರಶ್ನೆ ಮತ್ತು ಸ್ವರಾಜ್ಯದ ಪ್ರಶ್ನೆಯ ಬಗ್ಗೆ ಗಾಂಧಿಯವರದೂ ಹಾಗೇ ಇದೆ ಎಂದು ಅವರು ವಾದಿಸುತ್ತಾರೆ. ಸ್ವರಾಜ್ಯ ಮೊದಲು, ಉಳಿದದ್ದು ಆಮೇಲೆ. ಒಕ್ಕೂಟ ಉಳಿಯುವುದಾದರೆ, ಗೆಟಿಸ್‌ಬರ್ಗ್‌ನ ಆ ಪ್ರಸಿದ್ಧ ಮಾತಿನ ಕರ್ತೃವಿಗೆ ಅದು ಕರಿಯರನ್ನು ಬಿಳಿಯರು ಆಳುವ ಸರ್ಕಾರವಾಗಿದ್ದರೂ ಅಡ್ಡಿಯಿರುತ್ತಿರಲಿಲ್ಲ ಎಂಬ ಅರ್ಥದ ಚುಚ್ಚುಮಾತನ್ನೂ ಆಡುತ್ತಾರೆ. ನಮ್ಮ ನಾಯಕರು ಅಂಬೇಡ್ಕರ್ ಜಯಂತಿಯಲ್ಲಿ ಹಾರ ಹಾಕಿದ ಅದೇ ಮಾತನ್ನು ಅಂಬೇಡ್ಕರ್ ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಹಾಕಿದ್ದರು. ಇದನ್ನು ನಾನು ಓದಿದ್ದು ಆ ಜಯಂತಿ ಕಳೆದು ಎಷ್ಟೋ ದಿನಗಳ ಮೇಲೆ; ಅವತ್ತಿನ ಚಪ್ಪಾಳೆಗೆ ಈಗಲೂ ನಾಚಿಕೆಯಾಗುತ್ತದೆ.

ಅಂಬೇಡ್ಕರ್ ಲಿಂಕನ್‌ನ ವಿಷಯದಲ್ಲಿ ಸ್ವಲ್ಪ ನಿಷ್ಠುರರಾದರು ಎಂದು ನನಗನ್ನಿಸುತ್ತದೆ. ಗ್ರೀಲಿಗೆ ಉತ್ತರ ಬರೆಯುವ ಹೊತ್ತಿಗೆ ಬಿಡುಗಡೆಯ ಘೋಷಣೆಯ ಕರಡು ಲಿಂಕನ್ ಬಳಿ ಸಿದ್ಧವಿತ್ತು. ಹಿಂದಿನ ತಿಂಗಳೇ ಅದನ್ನು ಮಂತ್ರಿಮಂಡಲಕ್ಕೆ ಓದಿ ಹೇಳಿದ್ದ. 1863ರ ಜನವರಿ 1ರಂದು ಅದು ಹೊರಬಂತು. ಆದರೆ ಅದರ ವ್ಯಾಪ್ತಿಯನ್ನು ನೋಡಿದರೆ ಅಂಬೇಡ್ಕರರ ಅನುಮಾನಕ್ಕೂ ಆಧಾರವಿದೆ: ದಂಗೆಯೆದ್ದ ರಾಜ್ಯಗಳ ಗುಲಾಮರಿಗೆ ಮಾತ್ರ ಬಿಡುಗಡೆ, ಒಕ್ಕೂಟದ ಜೊತೆಗಿದ್ದ ಗುಲಾಮಿ ರಾಜ್ಯಗಳವರಿಗೆ ಇಲ್ಲ. ಇಡೀ ದೇಶದಲ್ಲಿ ಗುಲಾಮಗಿರಿಯನ್ನು ತೆಗೆದ ಹದಿಮೂರನೇ ತಿದ್ದುಪಡಿ ಅಂಗೀಕಾರವಾದದ್ದು 1865ರ ಡಿಸೆಂಬರಿನಲ್ಲಿ. ಲಿಂಕನ್ ಏಪ್ರಿಲಿನಲ್ಲೇ ಕೊಲೆಯಾಗಿದ್ದ. ಅಂಬೇಡ್ಕರರ ಜೊತೆ ಹೀಗೆ ಜಗಳವಾಡಲು ಸಾಧ್ಯವಾಗುವುದೇ ಅವರು ಲಿಂಕನ್‌ನನ್ನು ಒಂದು ವಾದದೊಳಗೆ ತಂದದ್ದರಿಂದ. ವೇದಿಕೆಯ ಲಿಂಕನ್ನಿನ ಜೊತೆ ಜಗಳವಾಡುವುದು ಹೇಗೆ? ಅವನಿಗೆ ಬರೀ ಕೈ ಮುಗಿಯಬಹುದು.

ಈ ದಾರಿಯನ್ನು ಮೊದಲು ತುಳಿದವರು ಜೋತಿಬಾ ಫುಲೆ. ಅವರ ‘ಗುಲಾಮಗಿರಿ’ ಪ್ರಕಟವಾದದ್ದು 1873ರಲ್ಲಿ, ಅಮೆರಿಕದಲ್ಲಿ ಗುಲಾಮಗಿರಿ ಹೋಗಿ ಎಂಟೇ ವರ್ಷಕ್ಕೆ. ಆ ಪುಸ್ತಕದ ಅರ್ಪಣೆ ಅಮೆರಿಕ ಸಂಯುಕ್ತ ಸಂಸ್ಥಾನದ ಸಜ್ಜನರಿಗೆ. ಗಮನಿಸಬೇಕು, ಅರ್ಪಣೆ ಅಲ್ಲಿನ ಜನರಿಗೆ, ಅಧ್ಯಕ್ಷನಿಗೆ ಅಲ್ಲ. ಆ ಜನ ನೀಗ್ರೋ ಗುಲಾಮರ ವಿಷಯದಲ್ಲಿ ಮಾಡಿದ್ದನ್ನು ನನ್ನ ದೇಶಬಾಂಧವರು ಶೂದ್ರರ ವಿಷಯದಲ್ಲಿ ಮಾಡಲಿ ಎಂಬ ಬೇಡಿಕೆ ಆ ಹೊಗಳಿಕೆಯ ಬೆನ್ನಿಗೇ ಬರುತ್ತದೆ. ಪುಣೆಯಲ್ಲಿ ಕೂತು ಸಮುದ್ರದಾಚೆಯ ಬಿಡುಗಡೆಯನ್ನು ತನ್ನೂರಿನ ಗುಲಾಮಗಿರಿಯ ಪಕ್ಕಕ್ಕೆ ತಂದಿಡುವುದು ಆ ಕಾಲಕ್ಕೆ ಎಷ್ಟು ದೊಡ್ಡ ಧೈರ್ಯ! ರಾಷ್ಟ್ರೀಯವಾದಿಗಳು ಬ್ರಿಟಿಷರ ದಾಸ್ಯದ ಮಾತನ್ನು ಇನ್ನೂ ಸರಿಯಾಗಿ ಆರಂಭಿಸುವ ಮೊದಲೇ ಫುಲೆ ‘ಯಾರ ದಾಸ್ಯ?’ ಅಂತ ಕೇಳಿಬಿಟ್ಟಿದ್ದರು.

ಇಲ್ಲೊಂದು ಅಪಾಯದ ಬಗ್ಗೆ ಎಚ್ಚರ ಬೇಕು. ಪರದೇಶದ ಹೆಸರುಗಳನ್ನು ಪ್ರಶ್ನಿಸಿದ ಕೂಡಲೇ, ‘ಹೌದು, ನಮ್ಮದೇ ಇರುವಾಗ ಹೊರಗಿನದು ಯಾಕೆ’ ಎನ್ನುವವರು ಓಡಿ ಬರುತ್ತಾರೆ. ಅವರ ಜೊತೆ ನನ್ನನ್ನು ಸೇರಿಸಬೇಡಿ. ಸಂವಿಧಾನ ಸಭೆಯಲ್ಲಿ 1949ರ ನವೆಂಬರಿನಲ್ಲಿ ನಮ್ಮ ಮೈಸೂರಿನ ಕೆಂಗಲ್ ಹನುಮಂತಯ್ಯನವರು, ನಮಗೆ ಬೇಕಾಗಿದ್ದದ್ದು ವೀಣೆ ಸಿತಾರುಗಳ ನಾದ, ಸಿಕ್ಕಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದು ಕೊರಗಿದರು. ವೀಣೆ ಯಾವ ಬೀದಿಯಲ್ಲಿ ನುಡಿಯುತ್ತಿತ್ತು, ಯಾವ ಬೀದಿಯಲ್ಲಿ ನುಡಿಯುತ್ತಿರಲಿಲ್ಲ ಎಂಬುದು ನಮಗೆ ಗೊತ್ತು. ಸಂವಿಧಾನದ ಮೂಲಭೂತ ವಿಚಾರಗಳಿಗೆ ಯಾರ ಪೇಟೆಂಟೂ ಇಲ್ಲ, ಸಾಲ ತಂದದ್ದಕ್ಕೆ ನಾಚಬೇಕಾಗಿಲ್ಲ ಎಂದು ಅಂಬೇಡ್ಕರ್ ಹಿಂದಿನ ವರ್ಷವೇ ಹೇಳಿಯಾಗಿತ್ತು. ಅಸಲಿಗೆ ಅವರು ಹೊರಗಿನಿಂದ ತಂದದ್ದರಲ್ಲಿ ದೊಡ್ಡ ಮನುಷ್ಯರಿಗಿಂತ ದೊಡ್ಡ ಜಗಳಗಳೇ ಹೆಚ್ಚು. ‘ಜಾತಿ ವಿನಾಶ’ದಲ್ಲಿ ಐರ್ಲೆಂಡಿನ ರೆಡ್ಮಂಡ್ ಮತ್ತು ಕಾರ್ಸನ್ ಬರುತ್ತಾರೆ. ನಿಮಗೆ ಬೇಕಾದ ರಕ್ಷಣೆ ಕೇಳಿ ಕೊಡುತ್ತೇವೆ ಅನ್ನುತ್ತಾನೆ ಒಬ್ಬ. ನಿಮ್ಮ ರಕ್ಷಣೆ ಯಾರಿಗೆ ಬೇಕು, ನಿಮ್ಮ ಆಳ್ವಿಕೆಯೇ ಬೇಡ ಅನ್ನುತ್ತಾನೆ ಇನ್ನೊಬ್ಬ. ಮೇಲ್ಜಾತಿಯ ಸುಧಾರಕರ ಎದುರು ಇಡಲು ಇದಕ್ಕಿಂತ ಹರಿತವಾದ ಕಥೆ ಭಾರತದೊಳಗೆ ಅವರಿಗೆ ಸಿಕ್ಕಿರಲಾರದು.

ದಾವಣಗೆರೆಯವರಾದ ನಮಗೆ ಲಿಂಕನ್ ಇನ್ನೊಂದು ದಾರಿಯಲ್ಲೂ ಸಂಬಂಧಿಕ. ನಮ್ಮೂರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಕರೆಯುವುದು ವಾಡಿಕೆ. ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಹೋದ ಮೇಲೂ ಆ ಬಿರುದು ಭಾಷಣಗಳಲ್ಲಿ ಉಳಿದುಕೊಂಡಿದೆ. ಮ್ಯಾಂಚೆಸ್ಟರ್ ಎಂದರೆ ನಾಯಕರಿಗೆ ಚಿಮಣಿ, ವ್ಯಾಪಾರ, ಬಂಡವಾಳ. ಆ ಊರಿನ ಕೂಲಿಗಳು ಲಿಂಕನ್‌ಗೆ ಪತ್ರ ಬರೆದಿದ್ದರು ಎಂಬುದನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲ್ಯಾಂಕಾಷೈರಿನ ಮಿಲ್ಲುಗಳು ಮುಚ್ಚಿ ಲಕ್ಷಾಂತರ ಮಂದಿ ಗಂಜಿಗೆ ಸಾಲು ನಿಂತರು. ದಿಗ್ಬಂಧನ ಮುರಿಯಿರಿ ಎಂದು ತಮ್ಮ ಸರ್ಕಾರವನ್ನು ಅವರು ಒತ್ತಾಯಿಸಬಹುದಿತ್ತು; ಹಾಗೆ ಒತ್ತಾಯಿಸಿದ ಊರುಗಳೂ ಇದ್ದವು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಸೇರಿದ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ನಿಂತು ಲ��ಂಕನ್‌ಗೆ ಬೆಂಬಲದ ಪತ್ರ ಕಳಿಸಿದರು. 1863ರ ಜನವರಿ 19ರಂದು ಲಿಂಕನ್ ಅವರಿಗೆ ಉತ್ತರ ಬರೆದ. ಅವರು ಪಡುತ್ತಿದ್ದ ಕಷ್ಟವನ್ನು ಬಲ್ಲೆನೆಂದೂ, ಅವರು ತೋರಿದ್ದು ಮಹಾ ಧೀರತನವೆಂದೂ ಒಪ್ಪಿಕೊಂಡ. ಆ ಪತ್ರದ ಮಾತುಗಳು ಮ್ಯಾಂಚೆಸ್ಟರಿನ ಲಿಂಕನ್ ಚೌಕದಲ್ಲಿ ಅವನ ಪ್ರತಿಮೆಯ ಪೀಠದ ಮೇಲಿವೆ.

ಆ ಹೊತ್ತಿನಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಹತ್ತಿಯ ಬೆಲೆ ಗಗನಕ್ಕೇರಿತ್ತು. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಮುಂಬಯಿಯ ಮೂಲಕ ಲಿವರ್‌ಪೂಲಿಗೆ ಹೋಗುತ್ತಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಅಮೆರಿಕದ ಗುಲಾಮ, ಲ್ಯಾಂಕಾಷೈರಿನ ಮಿಲ್ಲು ಕೂಲಿ, ನಮ್ಮ ಎರೆಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸು, ಮೂವರನ್ನೂ ಒಂದೇ ನೂಲು ಕಟ್ಟಿತ್ತು. ಮೊದಲಿನ ಇಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಕಪಾಟುಗಟ್ಟಲೆ ಚರಿತ್ರೆ ಇದೆ. ಮೂರನೆಯವಳ ಚರಿತ್ರೆಯನ್ನು ಕನ್ನಡದಲ್ಲಿ ನಾವೇ ಬರೆಯಬೇಕು. ಮಿಲ್ಲು ಮುಚ್ಚಿದ ಮೇಲೆ ಅಜ್ಜ ಹಮಾಲಿ ಮಾಡಿದ. ‘ಮ್ಯಾಂಚೆಸ್ಟರ್’ ಎಂಬ ಮಾತಿಗೆ ಅವನ ಬದುಕಿನಲ್ಲಿ ನಿಜವಾದ ಅರ್ಥವೇನಾದರೂ ಇದ್ದರೆ ಅದು ಆ ಪತ್ರ ಬರೆದವರ ಜೊತೆಗಿನ ನಂಟಿನಲ್ಲಿದೆ.

ಹೊರದೇಶದ ನಾಯಕರು ನಮ್ಮೂರಿನ ನಕಾಶೆಯ ಮೇಲೂ ಇದ್ದಾರೆ. ನಿಟುವಳ್ಳಿ ಕಡೆ ಹೋದರೆ ಲೆನಿನ್ ನಗರ ಸಿಗುತ್ತದೆ. ಮಿಲ್ಲು ಕಾರ್ಮಿಕರ ಮುಖಂಡ ಪಂಪಾಪತಿಯವರು 1978, 1983, 1985ರ ಮೂರು ಚುನಾವಣೆಗಳಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಗೆದ್ದ ಊರು ಇದು. ಅಜ್ಜನ ನೆನಪಿನಲ್ಲಿ ಲೆನಿನ್ ಅಂದರೆ ಗೇಟ್ ಮೀಟಿಂಗು, ಬೋನಸ್ಸು. ಆ ಹೆಸರಿಗೆ ಕೂಲಿಯ ವಾಸನೆ ಇತ್ತು, ಅದು ಅಲಂಕಾರವಾಗಿರಲಿಲ್ಲ. ಆದರೆ ಪಾಳಿಯಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದ ಕೆಲವರು ತಮ್ಮ ಬೀದಿ ಬಂದ ಕೂಡಲೇ ಕೈ ತೆಗೀತಿದ್ರು ಅಂತಲೂ ಅಜ್ಜ ಹೇಳುತ್ತಾನೆ.

ಸಮಾಜವಾದಿಗಳದು ಬೇರೆ ಕಥೆ. ರಾಮಮನೋಹರ ಲೋಹಿಯಾ ಅಮೆರಿಕಕ್ಕೆ ಹೋದಾಗ, 1964ರ ಮೇ ತಿಂಗಳಲ್ಲಿ, ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಬಿಳಿಯರಿಗೆ ಮಾತ್ರ ಎನ್ನುತ್ತಿದ್ದ ಹೋಟೆಲಿನೊಳಗೆ ಹೋಗಲು ಹೊರಟು ಬಂಧನಕ್ಕೊಳಗಾದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಲಿಂಕನ್ನನ ದೇಶದಲ್ಲಿ ಲಿಂಕನ್‌ಗೆ ಮಾಡಬಹುದಾದ ಉಲ್ಲೇಖ ಎಂದರೆ ಇದೇ. ಲೋಹಿಯಾ ಶಿಷ್ಯರು ನಮ್ಮ ರಾಜ್ಯದಲ್ಲಿ ಬಹಳ ಮಂದಿ, ಅವರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಯಿತು. ಲೋಹಿಯಾರ ವಿಚಾರ ನಮ್ಮ ಸಾಹಿತ್ಯಕ್ಕೂ ಬಹಳ ಕೊಟ್ಟಿದೆ. ಆದರೆ ಜಾಕ್ಸನ್ನಿನ ಆ ಬಾಗಿಲನ್ನು ಹೊಗಳಿದಷ್ಟು ಸಲ ನಮ್ಮ ಹಳ್ಳಿಯ ಹೋಟೆಲಿನ ಬೇರೆ ಲೋಟದ ಬಗ್ಗೆ ಮಾತಾಡಿದ್ದೇವೆಯೇ?

ಎಸ್.ಎಂ. ಕೃಷ್ಣ ಅವರು ವಿದ್ಯಾರ್ಥಿಯಾಗಿ ಅಮೆರಿಕದಲ್ಲಿದ್ದಾಗ 1960ರ ಚುನಾವಣೆಯಲ್ಲಿ ಕೆನಡಿ ಪರ ಕೆಲಸ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. 1999ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಅವರು ಮುಂದಿಟ್ಟ ಕನಸು ಸಿಂಗಪುರದ್ದು; ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಆಗ ಮನೆಮಾತಾಯಿತು. ಆ ಹೊತ್ತಿನಿಂದ ಲೀ ಕ್ವಾನ್ ಯೂ ನಮ್ಮ ನಾಯಕರ ಹೊಸ ದೇವರು. ಅಗಲವಾದ ರಸ್ತೆ, ಉಗುಳದ ಜನ. ಸಿಂಗಪುರದ ನಿವಾಸಿಗಳಲ್ಲಿ ಸುಮಾರು ಶೇ. 80ರಷ್ಟು ಮಂದಿ ಸರ್ಕಾರ ಕಟ್ಟಿಸಿದ ಮನೆಗಳಲ್ಲಿದ್ದಾರೆ. ಒಂದು ಜನಾಂಗದವರದೇ ಕೇರಿ ಆಗಬಾರದೆಂದು 1989ರಿಂದ ಅಲ್ಲಿ ಪ್ರತಿ ಕಟ್ಟಡದಲ್ಲೂ ಚೀನೀಯರು, ಮಲಯರು, ಭಾರತೀಯರು ಮುಂತಾದವರಿಗೆ ಇಂತಿಷ್ಟೇ ಮನೆ ಎಂಬ ಮಿತಿ ಇದೆ. ಅಲ್ಪಸಂಖ್ಯಾತರಿಗೆ ಮನೆ ಮಾರುವಾಗ ಇದರಿಂದ ತೊಂದರೆಯೂ ಆಗುತ್ತದೆ, ಅದು ಬೇರೆ ಚರ್ಚೆ. ನನಗೆ ಬೇಕಾದದ್ದು ಇಷ್ಟು: ಸಿಂಗಪುರದ ರಸ್ತೆಯನ್ನು ಕೇಳಿದವರು ಸಿಂಗಪುರದ ಮನೆಯನ್ನು ಕೇಳಲಿಲ್ಲ. ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕುತ್ತಾ, ‘ನಿಮ್ಮದು ಯಾವ ಪೈಕಿ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ವಾಪಸ್ಸು ಬಂದ ಅನುಭವ ನನಗೆ ನಾಲ್ಕು ಸಲ ಆಗಿದೆ.

ಮಂಡೇಲಾ ವಿಷಯದಲ್ಲಿ ಇದು ಇನ್ನೂ ನೇರ. 1990ರಲ್ಲಿ ಅವರಿಗೆ ಭಾರತರತ್ನ ಕೊಟ್ಟೆವು. 2001ರಲ್ಲಿ ಅವರದೇ ನೆಲದ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನ ನಡೆದಾಗ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಒಯ್ದವು. ಜಾತಿ ಎಂದರೆ ಜನಾಂಗವಲ್ಲ, ಅದು ನಮ್ಮ ಮನೆಯೊಳಗಿನ ವಿಷಯ ಎಂದು ಭಾರತ ಸರ್ಕಾರ ಅಡ್ಡ ನಿಂತಿತು. ಜಾತಿ ಜನಾಂಗವಲ್ಲ ಎಂಬುದು ಶಾಸ್ತ್ರೀಯವಾಗಿ ಸರಿಯಿರಬಹುದು, ಅಂಬೇಡ್ಕರರೂ ಜಾತಿಗೆ ಜನಾಂಗದ ಮೂಲವನ್ನು ಒಪ್ಪಿದವರಲ್ಲ. ಆದರೆ ಅದೇ ಅಂಬೇಡ್ಕರ್ 1946ರಲ್ಲಿ ಕರಿಯರ ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ನೀಗ್ರೋಗಳು ಸಲ್ಲಿಸಿದ ಮನವಿಯ ಪ್ರತಿ ಕಳಿಸಿ, ಅಸ್ಪೃಶ್ಯರೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ ಎಂದಿದ್ದರು. ಡರ್ಬನ್ನಿಗೆ ಹೋದವರು ಐವತ್ತೈದು ವರ್ಷ ಹಳೆಯ ಆ ಕೆಲಸವನ್ನೇ ಮುಂದುವರಿಸಿದರು.

ನಮ್ಮಲ್ಲೇ ಬಿಡುಗಡೆಯ ಕೆಲಸ ಮಾಡಿದವರಿಗೆ ಏನಾಯಿತು ಎಂಬುದನ್ನೂ ನೋಡೋಣ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ ಮಂತ್ರಿ ಬಿ. ಬಸವಲಿಂಗಪ್ಪ. ಅವರನ್ನು ಯಾರಾದರೂ ‘ಕರ್ನಾಟಕದ ಲಿಂಕನ್’ ಎಂದದ್ದನ್ನು ನಾನು ಕೇಳಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಆಡಿದ ‘ಬೂಸಾ’ ಎಂಬ ಒಂದು ಮಾತಿಗೆ ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಗಲಾಟೆಯಿಂದ ಎಚ್ಚೆತ್ತ ತರುಣರಿಂದಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಪಕ್ಕದ ಹರಿಹರದವರು; ಅವರ ಸ್ಮಾರಕವಿರುವ ಮೈತ್ರಿವನ ಇಲ್ಲಿಂದ ಬಹಳ ದೂರವಿಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಸಮಿತಿ ಕೂಗಿದಾಗ ಯಾವ ಪರದೇಶಿಯ ಹೆಸರೂ ಬೇಕಾಗಿರಲಿಲ್ಲ. ಜೀತವನ್ನು ರದ್ದು ಮಾಡಿದ ಸುಗ್ರೀವಾಜ್ಞೆ 1975ರ ಅಕ್ಟೋಬರಿನದು, ಕಾಯ್ದೆ 1976ರದು. ಆ ದಿನವನ್ನು ನಾವೇ ಆಚರಿಸುವುದಿಲ್ಲವಲ್ಲ! ಅಜ್ಜನಿಗೆ ಆ ಕಾಯ್ದೆಯ ವರ್ಷ ಹೇಳಿದಾಗ ಅವನು ಬೆರಳು ಮಡಿಚಿ ಲೆಕ್ಕ ಹಾಕಿ, “ನಾನು ಅದಕ್ಕೂ ಮೊದ್ಲೇ ಓಡಿ ಬಂದಿದ್ದೆ” ಅಂದ.

ನಾಯಕರನ್ನು ಬೈದು ಮುಗಿಸುವುದು ಸುಲಭ. ನಮ್ಮ ಕೈ ಎಷ್ಟು ಶುದ್ಧ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಅಂಬೇಡ್ಕರ್ ಇಬ್ಬರು ಪರದೇಶಿಗಳನ್ನು ನೆನೆದರು: ಜಾನ್ ಸ್ಟುವರ್ಟ್ ಮಿಲ್ ಮತ್ತು ಐರಿಷ್ ನಾಯಕ ಡೇನಿಯಲ್ ಓ’ಕಾನೆಲ್. ಎಷ್ಟು ದೊಡ್ಡವನೇ ಆಗಿರಲಿ, ನಿಮ್ಮ ಸ್ವಾತಂತ್ರ್ಯವನ್ನು ಅವನ ಪಾದದ ಬಳಿ ಇಡಬೇಡಿ. ಕೃತಜ್ಞತೆಗೂ ಒಂದು ಮಿತಿ ಇದೆ. ಧರ್ಮದಲ್ಲಿ ಭಕ್ತಿ ಇರಬಹುದು, ರಾಜಕಾರಣದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂದು ಅವರು ಎಚ್ಚರಿಸಿದರು. ಪರದೇಶದ ದೊಡ್ಡವರ ಮಾತನ್ನು ದೊಡ್ಡವರ ಪೂಜೆಯ ವಿರುದ್ಧವೇ ತಂದರು. ಇವತ್ತು ನಮ್ಮ ಜಯಂತಿಗಳ ಬ್ಯಾನರಿನಲ್ಲಿ ಅಂಬೇಡ್ಕರ್ ಎಲ್ಲೂ ಬರೆಯದ ವಾಕ್ಯಗಳು ಅವರ ಹೆಸರಿನಲ್ಲಿವೆ, ಲಿಂಕನ್ನನ ಆ ಪತ್ರದ ಹಾಗೇ. ನನ್ನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅಂಥ ದಿನಕ್ಕೆ ಮೂರು ಕಳಿಸುತ್ತಾರೆ. ಎಲ್ಲಿದೆಯಪ್ಪಾ ಇದು ಅಂತ ಕೇಳಿದರೆ, ‘ಬಾಬಾಸಾಹೇಬರೇ ಹೇಳಿದ್ದಲ್ವಾ ಸರ್’ ಅನ್ನುತ್ತಾರೆ.

ಕಳೆದ ವರ್ಷ ತರಗತಿಯಲ್ಲಿ ಗ್ರೀಲಿಗೆ ಬರೆದ ಪತ್ರವನ್ನೂ ಅದರ ಬಗ್ಗೆ ಅಂಬೇಡ್ಕರರ ಪುಟಗಳನ್ನೂ ಒಟ್ಟಿಗೆ ಓದಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಂಗಾದ್ರೆ ಲಿಂಕನ್ ಒಳ್ಳೇವ್ನಾ ಕೆಟ್ಟವ್ನಾ ಸರ್?” ಅಂದಳು. ಅವಳಿಗೆ ನಾನು ಫ್ರೆಡರಿಕ್ ಡಗ್ಲಾಸ್‌ನ ಕಥೆ ಹೇಳಿದೆ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಓಡಿಬಂದು ಕರಿಯರ ದೊಡ್ಡ ನಾಯಕನಾದವನು. 1876ರ ಏಪ್ರಿಲ್ 14ರಂದು ವಾಷಿಂಗ್ಟನ್ನಿನಲ್ಲಿ ಲಿಂಕನ್ ಸ್ಮಾರಕವೊಂದರ ಅನಾವರಣಕ್ಕೆ ಅವನೇ ಭಾಷಣಕಾರ. ಅಧ್ಯಕ್ಷ ಗ್ರಾಂಟ್ ಎದುರಿಗಿದ್ದ. ಲಿಂಕನ್ ಬಿಳಿಯರ ಅಧ್ಯಕ್ಷ, ಅವನಿಗೆ ಬಿಳಿಯರು ಮಕ್ಕಳು, ನಾವು ಹೆಚ್ಚೆಂದರೆ ಮಲಮಕ್ಕಳು ಎಂದು ಡಗ್ಲಾಸ್ ಅಲ್ಲೇ ಹೇಳಿದ. ಬಿಡುಗಡೆಯ ಹೋರಾಟಗಾರರ ಕಣ್ಣಿಗೆ ಅವನು ನಿಧಾನಿ, ತಣ್ಣಗಿನವನು. ತನ್ನ ದೇಶದ ಬಿಳಿಯರ ಮನಸ್ಸಿನ ಜೊತೆ ಅಳೆದರೆ ವೇಗದವನು, ಉಗ್ರನು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದ. ಆ ಸ್ಮಾರಕದ ದುಡ್ಡು ಬಿಡುಗಡೆಯಾದ ಗುಲಾಮರದು. ಮೊದಲ ಐದು ಡಾಲರ್ ಕೊಟ್ಟವಳು ಷಾರ್ಲಟ್ ಸ್ಕಾಟ್ ಎಂಬ ಹೆಂಗಸು. ಶಿಲ್ಪ ಹೇಗಿರಬೇಕು ಎಂಬುದನ್ನು ತೀರ್ಮಾನಿಸಿದವರು ಬಿಳಿಯರು. ಅದರಲ್ಲಿ ಲಿಂಕನ್ ನಿಂತಿದ್ದಾನೆ, ಕರಿಯ ಮನುಷ್ಯ ಅವನ ಕಾಲ ಬಳಿ ಮೊಣಕಾಲೂರಿದ್ದಾನೆ.